ನಾಲ್ಕು ಕವಲಿನ ತ್ರಿಶೂಲ

ಮೊರಾಕೊ ದೇಶದ ಡೆವೋನಿಯನ್ ಕಾಲದ ಸುಣ್ಣಕಲ್ಲಿನಿಂದ ಬಿಡಿಸಿ ತೆಗೆದ ವಾಲಿಸೆರಾಪ್ಸ್ ಎಂಬ ಟ್ರೈಲೊಬೈಟನ್ನು, ಎಂದರೆ ಎಂದೋ ಅಳಿದುಹೋದ ಚಿಪ್ಪಿನ ಕಡಲಜೀವಿಯೊಂದನ್ನು, ಕಂಡವರು, ನನ್ನಂತೆ ಚಿತ್ರಗಳಲ್ಲಿ ಮಾತ್ರ ಕಂಡವರೂ ಕೂಡ, ಮೊದಲು ಕೇಳುವ ಪ್ರಶ್ನೆ ಅದರ ತಲೆಯ ಮುಂದಣ ತ್ರಿಶೂಲವೇತಕ್ಕೆ ಎಂಬುದು. ಕೆಲವೇ ಸೆಂಟಿಮೀಟರ್ ಉದ್ದದ ದೇಹ, ಬೆನ್ನ ಮೇಲೆ ಮುಳ್ಳಿನ ಸಾಲು, ಹಣೆಯಂಚಿನಿಂದ ಒಂದೇ ಹಿಡಿಯಾಗಿ ಹೊರಟು ಮೂರಾಗಿ ಕವಲೊಡೆದ ಆಯುಧಸದೃಶವಾದ ಅಂಗ: ಇಷ್ಟು ವಿಚಿತ್ರವಾದುದನ್ನು ಕಂಡಾಗ, ಇದು ಪ್ರಾಣಿಯದೋ ಅಥವಾ ಕಲ್ಲನ್ನು ಕೆರೆದು ಮಾರುವ ಕುಶಲಿಗಳ ಕೈವಾಡವೋ ಎಂದು ಶಂಕಿಸುವುದು, ನಕಲಿಗಳಿಗೂ ಹೆಸರಾದ ಮೊರಾಕೊದ ಪಳೆಯುಳಿಕೆ ಪೇಟೆಯ ವಿಷಯದಲ್ಲಿ, ಅವಿವೇಕವೇನೂ ಅಲ್ಲ.

ಈ ಅಂಗವನ್ನು ಕುರಿತು 2023ರಲ್ಲಿ ಅಲನ್ ಗಿಶ್ಲಿಕ್ ಮತ್ತು ರಿಚರ್ಡ್ ಫೋರ್ಟಿ ಅವರು ಪ್ರಕಟಿಸಿದ ಪ್ರಬಂಧದ ಜಾಣ್ಮೆಯಿರುವುದು ಅವರು ಆರಿಸಿಕೊಂಡ ಸಾಕ್ಷಿಯಲ್ಲಿ. ಅಚ್ಚುಕಟ್ಟಾದ ಮಾದರಿಗಳು ಹಲವಿರಲಾಗಿ ಅವರು ಹಿಡಿದುದು ಅಂಗವಿಕಾರವುಳ್ಳ ಒಂದನ್ನು. ಅದರ ತ್ರಿಶೂಲಕ್ಕೆ ಮೂರಲ್ಲ, ನಾಲ್ಕು ಕವಲು. ಇದು ಗಾಯ ಮಾಯ್ದ ಗುರುತಲ್ಲ, ಬೆಳವಣಿಗೆಯಲ್ಲೇ ಆದ ದೋಷವೆಂದು ಅವರ ನಿರ್ಣಯ. ಹೀಗಿದ್ದೂ ಆ ಜೀವಿ ಪ್ರೌಢಾವಸ್ಥೆಗೆ ಬಂದಿತಾದುದರಿಂದ, ಆಹಾರ ಸಂಪಾದನೆಯಂಥ ದಿನನಿತ್ಯದ ಪ್ರಾಣಧಾರಣೆಯ ಕಾರ್ಯ ಈ ಅಂಗವನ್ನು ನೆಚ್ಚಿರಲಾರದು. ಮೇಲಿನಿಂದೆರಗುವ ಶತ್ರುವಿಗೆ ಅದನ್ನು ಎತ್ತಿ ತೋರಿಸಲೂ ತಲೆಯ ರಚನೆ ಬಿಡದು. ಉಳಿಯುವುದು ಗಂಡುಗಳ ಕಾಳಗವೊಂದೇ, ನಮ್ಮ ತೆಂಗಿನ ತೋಟದವರು ಬಲ್ಲ ಕುರುವಾಯಿ ದುಂಬಿಯ ಬಳಗದಲ್ಲಿ ಕೊಂಬಿನಿಂದ ಎದುರಾಳಿಯನ್ನು ಮೀಟಿ ಮಗುಚಿಹಾಕುವಂತೆ. ಕೊರತೆಯನ್ನೇ ಪ್ರಮಾಣವಾಗಿ ಮಾಡಿಕೊಂಡ ಈ ತರ್ಕಸರಣಿ ನನಗೆ ಮೆಚ್ಚಿಗೆಯಾಯಿತು.

ಮೆಚ್ಚದಿರುವುದು ಶೀರ್ಷಿಕೆಯಲ್ಲಿ ಅವರು ಬಳಸಿದ ಕ್ರಿಯಾಪದ. ತ್ರಿಶೂಲಗಳು ಕಾಳಗವನ್ನು ರುಜುವಾತುಪಡಿಸುತ್ತವೆ ಎಂದು ಅಲ್ಲಿ ಸಾರಿದೆ. ಸೂಚಿಸುತ್ತವೆ ಎಂದಿದ್ದರೆ ಸಾಕಾಗಿತ್ತು. ಹೋಲಿಕೆಯನ್ನು ಅತಿಯಾಗಿ ನೆಚ್ಚಿದುದಕ್ಕೆ ಹಳೆಯ ನಿದರ್ಶನವೊಂದುಂಟು. 1698ರಲ್ಲಿ ವೇಲ್ಸಿನ ಲ್ಯಾಂಡೈಲೊ ಬಳಿ ಒಂದು ಟ್ರೈಲೊಬೈಟನ್ನು ಕಂಡ ಪ್ರಕೃತಿವಿಜ್ಞಾನಿ ಎಡ್ವರ್ಡ್ ಲೂಯಿಡ್, ನಡುವಣ ಏಣನ್ನು ಬೆನ್ನೆಲುಬೆಂದೂ ಇಕ್ಕೆಲದ ಪಟ್ಟೆಗಳನ್ನು ಪಕ್ಕೆಲುಬೆಂದೂ ಓದಿಕೊಂಡಂತೆ, ಅದನ್ನು ಚಪ್ಪಟೆ ಮೀನಿನ ಅಸ್ಥಿಪಂಜರವೆಂದು ಬಗೆದನು. ಅವನು ಬರೆದ ಚಿತ್ರದಲ್ಲಿ ಇಂದಿಗೂ ಆ ಜೀವಿಯ ಗುರುತು ಹತ್ತುತ್ತದೆ. ತಪ್ಪಿದುದು ಕಣ್ಣಲ್ಲ, ಕಣ್ಣಿಗೆ ನೆರವಾಗಲೆಂದು ಕರೆತಂದ ಮೀನು. ದುಂಬಿಯಾದರೂ ಹಾಗೆ ಕರೆತಂದದ್ದೇ ಅಲ್ಲವೆ? ಅದು ಒಮ್ಮೆ ಪ್ರೌಢವಾಯಿತೆಂದರೆ ಮತ್ತೆ ಪೊರೆ ಕಳಚುವುದಿಲ್ಲ, ಕೊಂಬು ಅದಕ್ಕೆ ಕಡೆತನಕದ ಆಸ್ತಿ. ಟ್ರೈಲೊಬೈಟಾದರೋ ಬೆಳೆಯುತ್ತ ಬೆಳೆಯುತ್ತ ಚಿಪ್ಪನ್ನು ತ್ರಿಶೂಲಸಮೇತ ಕಳಚಿ, ಮೆತ್ತಗಿನ ಹೊಸದೊಂದನ್ನು ಗಟ್ಟಿಮಾಡಿಕೊಳ್ಳಬೇಕಾಗಿದ್ದ ಜೀವಿ. ಅಂಥ ಆಯುಧವನ್ನು ಹೊತ್ತವನ ಯುದ್ಧಕ್ರಮ ದುಂಬಿಯದರಂತೆಯೇ ಇದ್ದಿತೆಂದು ಮುಖ್ಯವಾಗಿ ಒಂದು ವಿಕೃತ ಮಾದರಿಯ ಬಲದಿಂದ ಹೇಳುವುದು ಅಳತೆ ಮೀರಿದ ಮಾತು.

ಆದರೂ ಲೂಯಿಡನ ಮೀನಿಗಿಲ್ಲದ ಒಂದು ಗುಣ ಈ ದುಂಬಿಗುಂಟು: ತನ್ನನ್ನು ಸುಳ್ಳುಮಾಡುವ ದಾರಿಯನ್ನು ಅದು ತಾನೇ ತೋರಿಸಿಕೊಡುತ್ತದೆ. ತ್ರಿಶೂಲ ಗಂಡಿನದೇ ಆಗಿದ್ದ ಪಕ್ಷದಲ್ಲಿ, ಅದೇ ಕಲ್ಲಿನ ಅದೇ ಪದರದಲ್ಲಿ, ಉಳಿದೆಲ್ಲ ಲಕ್ಷಣಗಳಲ್ಲೂ ಅದನ್ನೇ ಹೋಲುವ, ಬೋಳು ಹಣೆಯ ಹೆಣ್ಣೊಂದು ಇರಲೇಬೇಕು. ಪ್ರಾಯಶಃ ಬೇರೊಂದು ಹೆಸರಿನ ಚೀಟಿ ಹೊತ್ತು ಯಾವುದೋ ಸಂಗ್ರಹದ ಸೆಳೆಖಾನೆಯಲ್ಲಿ ಈಗಾಗಲೇ ಮಲಗಿದ್ದೀತು.