ಬಿಟ್ಟುಕೊಡಬೇಕಾದವರು ಯಾರು?

ಅಣ್ಣ-ತಂಗಿ ಜಗಳವಾಡಿದಾಗ ‘ನೀನೇ ಬಿಟ್ಟುಕೊಡಮ್ಮ, ಯೇಸುಸ್ವಾಮಿ ಮೆಚ್ಚುತ್ತಾರೆ’ ಎಂದು ಅಳುವ ತಂಗಿಯ ಬಾಯಿ ಮುಚ್ಚಿಸುವುದೇ ಅನೇಕ ಮನೆಗಳಲ್ಲಿ ಸಮಾಧಾನದ ಪಾಠವಾಗಿದೆ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ ಹಾಗೆ ಹೇಳುವುದಿಲ್ಲ. ಸಮಾಧಾನ ಮಾಡಿಸುವವರನ್ನು ಧನ್ಯರೆಂದ ಯೇಸು, ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ರಾಜಿಯಾಗಿ ಬಾ ಎಂದು ಕಳಿಸುವುದು, ಯಾರ ಮೇಲೆ ದೂರಿದೆಯೋ ಅವರನ್ನು. ಅಂದರೆ ಮೊದಲು ಏಳಬೇಕಾದವನು ಅಣ್ಣ.

ನಷ್ಟವನ್ನು ಮುಚ್ಚಿಡದೆ ಕೂಡಿ ಬಾಳುವುದನ್ನು ಮಕ್ಕಳಿಗೆ ತೋರಿಸಬೇಕೆಂದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಕರೆದೊಯ್ಯಿರಿ. ಅಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟಿದ ಹುಣಸೆಮರದ ಫಸಲು ಮನೆಯವರ ಕೈತಪ್ಪುತ್ತದೆ. ಆದರೂ ಅವರು ಹಕ್ಕಿಯನ್ನು ಓಡಿಸಲಿಲ್ಲ. ಅವರ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಗೊತ್ತುಮಾಡಿತು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಏನು ಕಳೆದುಕೊಂಡೆ ಎಂದು ಕೇಳುವುದೇ ಶಾಂತಿಯ ಮೊದಲ ಪಾಠ.