ಸಾವಿನ ಅಂಕಕ್ಕೆ ದಿನಗಳ ಲೆಕ್ಕ ಬರುವುದಿಲ್ಲ

ಐಸಿಯುಗೆ ಬಂದ ರೋಗಿಯ ಸ್ಥಿತಿ ಎಷ್ಟು ಗಂಭೀರ ಎಂಬುದನ್ನು ಒಂದೇ ಅಂಕಿಯಲ್ಲಿ ಹೇಳುವ ಅಪಾಚೆ-2 ಅಂಕಪಟ್ಟಿ 1985ರದು. ಅಮೆರಿಕದ 13 ಆಸ್ಪತ್ರೆಗಳ ರೋಗಿಗಳನ್ನು ಆಧರಿಸಿ ವಿಲಿಯಂ ಕ್ನೌಸ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ನಾಡಿಬಡಿತ, ರಕ್ತದೊತ್ತಡ, ಉಸಿರಾಟದಂಥ 12 ಅಳತೆಗಳು ಮೊದಲ 24 ಗಂಟೆಯಲ್ಲಿ ಎಷ್ಟು ಹದಗೆಟ್ಟಿದ್ದವು ಎಂದು ನೋಡಿ, ವಯಸ್ಸು ಮತ್ತು ಹಳೆಯ ಕಾಯಿಲೆಗಳನ್ನು ಸೇರಿಸಿದರೆ ಗರಿಷ್ಠ 71 ಅಂಕ. ಮೂತ್ರಪಿಂಡ ದಿಢೀರನೆ ಕೈಕೊಟ್ಟಿದ್ದರೆ ಅದರ ಅಳತೆಯಾದ ಕ್ರಿಯಾಟಿನಿನ್‌ನ ಅಂಕ ಇಮ್ಮಡಿ. ಇಷ್ಟೆಲ್ಲ ಹೇಳಹೊರಟಿದ್ದು ಸಾವಿನ ಸಂಭವವನ್ನು. ಹಾಸಿಗೆ ಯಾವಾಗ ಖಾಲಿಯಾದೀತು ಎಂದು ಅದನ್ನೇ ಕೇಳಿದರೆ ಉತ್ತರ ಎಡವುತ್ತದೆ. 8 ಅಂಕದವರು ಮೂರು ದಿನಕ್ಕೆ ಮನೆಗೆ ಹೋದರು, 20 ಅಂಕದವರು ವೆಂಟಿಲೇಟರಿನಲ್ಲಿ ಮೂರು ವಾರ ಉಳಿದರು, 38 ಅಂಕದವರು ಮರುದಿನವೇ ತೀರಿಕೊಂಡರು ಎಂದುಕೊಳ್ಳಿ. ಅತ್ಯಂತ ಗಂಭೀರ ರೋಗಿಯ ವಾಸವೇ ಅತ್ಯಂತ ಚಿಕ್ಕದು! ಸಾವನ್ನೂ ಗುಣವಾಗಿ ಮನೆಗೆ ಹೋಗುವುದನ್ನೂ ‘ಬಿಡುಗಡೆ’ ಎಂದು ಒಂದೇ ಕಾಲಂಗೆ ತುಂಬುವ ಲೆಕ್ಕಕ್ಕೆ ಈ ವ್ಯತ್ಯಾಸ ಕಾಣುವುದಿಲ್ಲ.

ಅಂಕ ಹೇಗೆ ಎಡವುತ್ತದೆ ಎಂಬುದಕ್ಕೆ ಮಹಾರಾಷ್ಟ್ರದ್ದೇ ಉದಾಹರಣೆ ನೋಡಿ. ನಾಸಿಕ್‌ನ ದ್ರಾಕ್ಷಿ-ಈರುಳ್ಳಿ ಸೀಮೆಯಲ್ಲಾಗಲಿ, ಛತ್ರಪತಿ ಸಂಭಾಜಿನಗರದ ಸುತ್ತಲ ಹತ್ತಿ ಹೊಲಗಳಲ್ಲಾಗಲಿ ಕೀಟನಾಶಕ ಕೈಗೆಟಕುವಷ್ಟೇ ದೂರದಲ್ಲಿರುತ್ತದೆ. ಆರ್ಗನೋಫಾಸ್ಫೇಟ್ ಬಗೆಯ ಕೀಟನಾಶಕ ಸೇವಿಸಿದವರಿಗೆ ಅಟ್ರೋಪಿನ್ ಎಂಬ ಮದ್ದು ಕೊಡುತ್ತಾರೆ. ಅದರಿಂದ ನಾಡಿ ಓಡುತ್ತದೆ, ಅಂಕಪಟ್ಟಿ ಅದನ್ನು ಕಾಯಿಲೆಯ ತೀವ್ರತೆ ಎಂದೇ ಎಣಿಸುತ್ತದೆ. ಇನ್ನೊಂದೆಡೆ, ಮೊದಲ ದಿನ ಚೇತರಿಸಿಕೊಂಡಂತೆ ಕಂಡ ರೋಗಿಗೆ ಒಂದರಿಂದ ನಾಲ್ಕು ದಿನಗಳ ನಡುವೆ ಉಸಿರಾಟದ ಸ್ನಾಯುಗಳೇ ಸೋಲಬಹುದು. ಆಮೇಲೆ ವೆಂಟಿಲೇಟರಿನಲ್ಲಿ ವಾರಗಟ್ಟಲೆ. ಮೊದಲ 24 ಗಂಟೆಗೇ ಕಣ್ಣು ಮುಚ್ಚಿಕೊಂಡ ಅಂಕಕ್ಕೆ ಇದು ತಿಳಿಯುವ ದಾರಿಯೇ ಇಲ್ಲ. ರೋಗಕ್ಕೆ ಸಂಬಂಧವೇ ಇಲ್ಲದ ಕಾರಣಗಳೂ ಇವೆ. ಸಂಭಾಜಿನಗರದ ಘಾಟಿ ಆಸ್ಪತ್ರೆಗೆ ಬೀಡ್, ಜಾಲ್ನಾಗಳಿಂದ, ನಾಸಿಕ್‌ಗೆ ಸುರಗಾಣಾ, ಪೇಠ್‌ನ ಆದಿವಾಸಿ ಹಳ್ಳಿಗಳಿಂದ ಬಂದವರು ಊರು ದೂರವೆಂದು ಎರಡು ದಿನ ಹೆಚ್ಚು ಉಳಿಯಬಹುದು, ಇಲ್ಲವೇ ದುಡ್ಡು ಮುಗಿಯಿತೆಂದು ವೈದ್ಯರ ಮಾತು ಮೀರಿ ಹೊರಡಬಹುದು. ರಾಜ್ಯ ಸರ್ಕಾರದ ಆರೋಗ್ಯ ವಿಮೆಯಾದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ಮಂಜೂರಾತಿ ಬರುವತನಕ ಶಸ್ತ್ರಚಿಕಿತ್ಸೆ ಕಾಯಬಹುದು. ಇವೆಲ್ಲ ಕ್ರಿಯಾಟಿನಿನ್‌ನಲ್ಲಿ ಬರೆದಿರುವುದಿಲ್ಲ.

ಸ್ಥಳೀಯ ದಾಖಲೆಗಳಿಂದ ಹೊಸ ಸೂತ್ರ ಮಾಡಿದರಾಯಿತಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. 2006ರ ಅಪಾಚೆ-4 ಐಸಿಯು ವಾಸದ ದಿನಗಳಿಗೆ ಪ್ರತ್ಯೇಕ ಸೂತ್ರವನ್ನೇ ಕೊಟ್ಟಿತು. ಇಡೀ ಐಸಿಯುಗೆ ತಿಂಗಳಿಗೆ ಎಷ್ಟು ದಾದಿಯರು ಬೇಕು ಎಂದು ಅಂದಾಜಿಸಲು ಇಂಥದ್ದು ನೆರವಾದೀತು; ಗುಂಪಿನ ಸರಾಸರಿಯಲ್ಲಿ ಒಬ್ಬೊಬ್ಬರ ತಪ್ಪು ಅಷ್ಟಾಗಿ ಕಾಡುವುದಿಲ್ಲ. ಆದರೆ ದೂರ, ಬಡತನಗಳನ್ನೂ ಸೂತ್ರಕ್ಕೆ ಸೇರಿಸಿದ ಕೂಡಲೇ ಇನ್ನೊಂದು ತೊಡಕು: ನಿಗದಿತ ಪ್ಯಾಕೇಜಿನಲ್ಲಿ ಹಣ ಪಡೆಯುವ ಆಸ್ಪತ್ರೆಗೆ, ಹೆಚ್ಚು ದಿನ ಉಳಿಯುವವರು ಯಾರೆಂದು ಬಾಗಿಲಲ್ಲೇ ಗೊತ್ತಾಗುತ್ತದೆ. ನೆರವಾಗಬೇಕಿದ್ದ ಅಂಕವೇ ಬಡವರನ್ನು ಬೇರೆಡೆಗೆ ಕಳಿಸಲು ನೆಪವಾದೀತು. ಆದ್ದರಿಂದ ಈ ಸೂತ್ರಗಳು ಸಾವನ್ನು ಪ್ರತ್ಯೇಕವಾಗಿ ಎಣಿಸಲಿ, ದಿನದಿನವೂ ಹೊಸದಾಗಿ ಲೆಕ್ಕ ಹಾಕಲಿ, ವಾರ್ಡಿನ ಯೋಜನೆಗಷ್ಟೇ ಬಳಕೆಯಾಗಲಿ. ಒಬ್ಬ ರೋಗಿಯ ಡಿಸ್ಚಾರ್ಜ್ ದಿನವನ್ನು ಮೊದಲ ದಿನದ ಅಂಕ ನೋಡಿ ಗೊತ್ತು ಮಾಡುವುದು ಸಲ್ಲದು.