ತಪ್ಪೂತಿಯ ಬಾಯಿಂದ ಬಂದದ್ದು

ಸುಗಂಧದ ಚರಿತ್ರೆ ಬರೆಯಹೊರಟವರು ಮೊದಲ ಪುಟದಲ್ಲೇ ಒಬ್ಬಾಕೆಗೆ ಕಿರೀಟ ತೊಡಿಸಿಬಿಡುತ್ತಾರೆ: ತಪ್ಪೂತಿ, ಜಗತ್ತಿನ ಮೊಟ್ಟಮೊದಲ ರಸಾಯನ ವಿಜ್ಞಾನಿ. ಎರಡನೇ ಸಾಲಿಗೆ ಭಟ್ಟಿ ಇಳಿಸುವ ವಿದ್ಯೆ ಕಂಡುಹಿಡಿದವಳೂ ಅವಳೇ ಆಗುತ್ತಾಳೆ. ಮೂರನೇ ಸಾಲಿನಲ್ಲಿ ಲೇಖಕರು ಫ್ರಾನ್ಸ್ ತಲುಪಿರುತ್ತಾರೆ. ಅತ್ತರಿನ ಹುಚ್ಚು ಹತ್ತಿದ ನನ್ನಂಥವರಿಗೆ ಇಷ್ಟು ಸಾಲದು. ಆಕೆ ಒಲೆಯ ಮೇಲೆ ಏನಿಟ್ಟಳು, ಎಷ್ಟು ಹೊತ್ತು ಇಟ್ಟಳು, ಯಾವಾಗ ಸೋಸಿದಳು? ಪುಣ್ಯಕ್ಕೆ ಇದೆಲ್ಲ ಬರೆದಿಟ್ಟಿದೆ.

ಈಗಿನ ಇರಾಕಿನಲ್ಲಿ, ಟೈಗ್ರಿಸ್ ನದಿಯ ದಂಡೆಯ ಮೇಲೆ ಅಶ್ಶೂರ್ ಎಂಬ ಪಟ್ಟಣವಿತ್ತು. ವಾಲ್ಟರ್ ಆಂಡ್ರೆ ನೇತೃತ್ವದ ಜರ್ಮನ್ ತಂಡ 1903ರಿಂದ 1914ರವರೆಗೆ ಅಲ್ಲಿ ಉತ್ಖನನ ನಡೆಸಿತು. ಸಿಕ್ಕ ಮಣ್ಣಿನ ಫಲಕಗಳಲ್ಲಿ ಕೆಲವು ಸುಗಂಧ ತೈಲದ ಪಾಕಗಳು. ಎರಿಕ್ ಎಬೆಲಿಂಗ್ ಎಂಬ ವಿದ್ವಾಂಸ ಅವನ್ನು ಓದಿ ಪ್ರಕಟಿಸಿದ. ಕ್ರಿ.ಪೂ. 13ನೇ ಶತಮಾನದ, ತುಕುಲ್ತಿ-ನಿನುರ್ತ ಎಂಬ ದೊರೆಯ ಕಾಲದ ಒಂದು ಫಲಕದಲ್ಲಿ, ರಾಜನಿಗೆ ತಕ್ಕ ತೈಲ ಮಾಡುವ ಕ್ರಮ ಹೇಳಿ ಮುಗಿಸಿದ ಮೇಲೆ, ಇದು ಸುಗಂಧಗಾತಿ ತಪ್ಪೂತಿ-ಬೇಲತ್-ಏಕಲ್ಲಿಮ್‌ಳ ಬಾಯಿಂದ ಬಂದದ್ದು ಎಂಬ ಒಕ್ಕಣೆಯಿದೆ. ಅಂದರೆ ಆಕೆ ಹೇಳಿದ್ದಾಳೆ, ಲಿಪಿಕಾರ ಬರೆದುಕೊಂಡಿದ್ದಾನೆ. ಆಕೆಯ ಬಗ್ಗೆ ಯಾರೋ ಬರೆದ ಹೊಗಳಿಕೆಗಿಂತ ಆಕೆಯೇ ಹೇಳಿಕೊಟ್ಟ ಪಾಠ ಉಳಿದಿರುವುದು ದೊಡ್ಡ ಮಾತು.

ಪಾಕದ ಸಾಮಾನು ನೋಡಿ. ಹೂವು, ಸುವಾಸನೆಯ ಒಂದು ಜೊಂಡು, ಕೊನ್ನಾರಿ ಗೆಡ್ಡೆಯ ಜಾತಿಯ ಬೇರು, ಹಿರಾಬೋಳ, ಎಣ್ಣೆ. ಜೊಂಡು ಯಾವುದೆಂದು ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ನಮ್ಮ ಬಜೆಯೇ ಅದು ಅನ್ನುವವರಿದ್ದಾರೆ. ಅಳತೆಯೆಲ್ಲ ‘ಕಾ’ ಲೆಕ್ಕದಲ್ಲಿ. ಒಂದು ಕಾ ಎಂದರೆ ಲೀಟರಿಗೆ ತುಸು ಕಡಿಮೆ.

ಕೆಲಸ ಶುರುವಾಗುವುದು ಇಳಿಹೊತ್ತಿಗೆ. ಕುಡಿಯಲು ಯೋಗ್ಯವಾದ ಒಳ್ಳೆಯ ನೀರನ್ನು ಕಾಯಿಸಿ, ಬೇರು ನಾರುಗಳನ್ನು ಅದರಲ್ಲಿ ಹಾಕಿ, ರಾತ್ರಿಯಿಡೀ ನೆನೆಯಲು ಬಿಡಬೇಕು. ಬೆಳಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಬಟ್ಟೆಯಲ್ಲಿ ಸೋಸಿ, ಒಂದು ಬೋಗುಣಿಯಿಂದ ಇನ್ನೊಂದಕ್ಕೆ ತಿಳಿ ಬಗ್ಗಿಸಿ, ಚರಟ ಎಸೆಯಬೇಕು. ಆ ಕಷಾಯಕ್ಕೇ ಮತ್ತೆ ಹೊಸ ಸಾಮಾನು, ಮತ್ತೆ ನೆನೆ, ಮತ್ತೆ ಸೋಸು. ಎಣ್ಣೆಯ ಸರದಿ ಇಷ್ಟೆಲ್ಲ ಆದಮೇಲೆ. ಬೆಂಕಿ ಹೊತ್ತಿಸಿ, ಎಣ್ಣೆ ಸುರಿದು, ಕಲಕಿ, ಮುಚ್ಚಿಡಬೇಕು. ಎಣ್ಣೆ ಪರಿಮಳ ಹೀರಿಕೊಳ್ಳುವವರೆಗೆ ದಿನಗಟ್ಟಲೆ ಇದೇ ಕೆಲಸ.

ಜಾಣತನ ಈ ಕ್ರಮದಲ್ಲಿದೆ. ಒಣ ಬೇರನ್ನು ನೇರವಾಗಿ ಕಾದ ಎಣ್ಣೆಗೆ ಹಾಕಿದರೆ ಕರಿದ ವಾಸನೆ ಬರುತ್ತದೆ. ನೀರು ಕುದಿಯುವ ಶಾಖಕ್ಕಿಂತ ಮೇಲೆ ಏರುವುದಿಲ್ಲವಾದ್ದರಿಂದ ಬೇರು ಸೀಯದೆ ಮೆತ್ತಗಾಗಿ ತನ್ನ ಗಂಧವನ್ನು ಬಿಟ್ಟುಕೊಡುತ್ತದೆ. ಆ ಗಂಧಕ್ಕೆ ನೀರಿಗಿಂತ ಎಣ್ಣೆಯ ಮೇಲೆಯೇ ಹೆಚ್ಚು ಒಲವು. ಆಮೇಲೆ ಬಂದ ಎಣ್ಣೆ ಅದನ್ನು ಎಳೆದುಕೊಳ್ಳುತ್ತದೆ.

ಹಾಗಾದರೆ ಭಟ್ಟಿ? 1950ರ ದಶಕದಲ್ಲಿ ಮಾರ್ಟಿನ್ ಲೆವಿ ಎಂಬ ವಿಜ್ಞಾನ ಚರಿತ್ರಕಾರ ಈ ಪಾಕಗಳನ್ನು ಇಂಗ್ಲಿಷಿಗೆ ತಂದಾಗ ಒಂದು ಪಾತ್ರೆಯನ್ನು ಭಟ್ಟಿಯ ಪಾತ್ರೆಯೆಂದೇ ಅರ್ಥೈಸಿದ. ಉತ್ತರ ಇರಾಕಿನ ತೇಪೆ ಗಾವ್ರಾದಲ್ಲಿ ಸಿಕ್ಕ, ಬಾಯಿಗೆ ಎರಡು ಅಂಚಿರುವ ಮಡಕೆಗಳು ಅವನ ವಾದಕ್ಕೆ ಒದಗಿದವು: ಮುಚ್ಚಳಕ್ಕೆ ತಾಗಿದ ಆವಿ ಹನಿಯಾಗಿ ಅಂಚುಗಳ ನಡುವಿನ ಕಾಲುವೆಗೆ ಇಳಿಯುತ್ತಿತ್ತಂತೆ. ಇರಬಹುದು. ಆದರೆ ತಪ್ಪೂತಿಯ ಪಾಕವನ್ನು ಆವಿಯ ಹಂಗಿಲ್ಲದೆ, ನೆನೆಸಿ ಸೋಸಿ ಎಣ್ಣೆಗಿಳಿಸುವ ವಿಧಾನವೆಂದೇ ಓದಬಹುದು. ನನಗೆ ಅದೇ ಸರಿ ಕಾಣುತ್ತದೆ. ಭಟ್ಟಿಯ ಬಿರುದು ಕಳಚಿದರೆ ಆಕೆಗೇನೂ ನಷ್ಟವಿಲ್ಲ.

ಇಂಥದೇ ಇನ್ನೊಂದು ಫಲಕದಲ್ಲಿ ಬೇರೊಬ್ಬ ಸುಗಂಧಗಾತಿಯ ಹೆಸರಿತ್ತು. ಮಣ್ಣು ಒಡೆದು ಮುಂಭಾಗ ಹೋಗಿದೆ, ‘ನಿನು’ ಎಂಬ ಬಾಲವಷ್ಟೇ ಉಳಿದಿದೆ. ಈಗ ಜನ ಆ ಬಾಲವನ್ನೇ ಹೆಸರು ಮಾಡಿ ಕರೆಯುತ್ತಾರೆ! ಅರಮನೆಯ ಈ ಕೆಲಸಕ್ಕೆ ಹೆಣ್ಣುಮಕ್ಕಳು ಹೋಗುತ್ತಿದ್ದುದಕ್ಕೆ ಹಳೆಯ ಒಡಂಬಡಿಕೆಯಲ್ಲೂ ಸಾಕ್ಷಿಯಿದೆ. ನಮಗೊಬ್ಬ ಅರಸ ಬೇಕು ಎಂದು ಹಟ ಹಿಡಿದವರಿಗೆ ಪ್ರವಾದಿ ಸಮುವೇಲ, ಅವನು ನಿಮ್ಮ ಹೆಣ್ಣುಮಕ್ಕಳನ್ನು ಸುಗಂಧ ಮಾಡಲು, ಅಡುಗೆ ಮಾಡಲು ಎಳೆದುಕೊಂಡು ಹೋಗುತ್ತಾನೆ ಎಂದು ಎಚ್ಚರಿಸುತ್ತಾನೆ. ನಮ್ಮವರಿಗೆ ವಿರಾಟನ ಅರಮನೆಯ ಸೈರಂಧ್ರಿ ನೆನಪಾಗಬೇಕು. ಗಂಧ ತೇಯ್ದು ತೇಯ್ದು ಒರಟಾದ ಅಂಗೈಯನ್ನು ದ್ರೌಪದಿ ಭೀಮನಿಗೆ ತೋರಿಸಿದ್ದು ಅಲ್ಲೇ ತಾನೆ.

ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ಕೊನೆಯ ಫೇರೋಗಳ ಕಾಲದ ಈಜಿಪ್ಟಿನ ಒಂದು ಉಬ್ಬುಶಿಲ್ಪವಿದೆ. ಲಿಲ್ಲಿ ಹೂ ತುಂಬಿದ ಬಟ್ಟೆಯ ಚೀಲದ ಎರಡು ತುದಿಗೆ ಕೋಲು ಸಿಕ್ಕಿಸಿ ಇಬ್ಬರು ಹೆಂಗಸರು ಎದುರುಬದುರು ತಿರುಚುತ್ತಿದ್ದಾರೆ. ರಸ ಕೆಳಗಿನ ಗುಡಾಣಕ್ಕೆ ಬೀಳುತ್ತಿದೆ. ಅವರ ಹೆಸರು ಯಾರೂ ಬರೆದುಕೊಳ್ಳಲಿಲ್ಲ.

ಭಟ್ಟಿಯ ಕೀರ್ತಿ ಒಬ್ಬ ಹೆಣ್ಣಿಗೆ ಕೊಡಲೇಬೇಕೆಂದಿದ್ದರೆ ಮರಿಯಾ ಇದ್ದಾಳೆ. ಕ್ರಿ.ಶ. 300ರ ಸುಮಾರಿನ ಜೋಸಿಮಸ್ ತನ್ನ ಬರಹಗಳಲ್ಲಿ ಮತ್ತೆ ಮತ್ತೆ ಉದ್ಧರಿಸುವ ಯೆಹೂದಿ ರಸವಾದಿ ಆಕೆ. ಮೂರು ಕೊಳವೆಯ ಭಟ್ಟಿಗೆ ತಾಮ್ರದ ತಗಡು ಎಷ್ಟು ದಪ್ಪ ಇರಬೇಕು, ಸಂದುಗಳನ್ನು ಹಿಟ್ಟಿನ ಅಂಟಿನಿಂದ ಹೇಗೆ ಮುಚ್ಚಬೇಕು ಎಂದೆಲ್ಲ ಹೇಳಿಕೊಡುತ್ತಾಳೆ. ಕನೌಜಿನ ಅತ್ತರಿನವರು ತಾಮ್ರದ ಡೇಗಿನ ಬಾಯಿಗೆ ಜೇಡಿಮಣ್ಣು ಮೆತ್ತುವುದೂ ಇದೇ ಕಾರಣಕ್ಕೆ. ಆದರೆ ಮರಿಯಾಳ ಕಣ್ಣಿದ್ದದ್ದು ಲೋಹದ ಮೇಲೆ, ಹೂವಿನ ಮೇಲಲ್ಲ.

ನನ್ನ ಮತ ತಪ್ಪೂತಿಗೇ. ನಂಬಿಕೆ ಬಾರದವರು ಗ್ರಂಧಿಗೆ ಅಂಗಡಿಗೆ ಹೋಗಿ ಒಂದು ಹಿಡಿ ಕೊನ್ನಾರಿ ಗೆಡ್ಡೆ ತನ್ನಿ. ಜಜ್ಜಿ, ಸಂಜೆ ಬಿಸಿನೀರಿಗೆ ಹಾಕಿ ಮುಚ್ಚಿಡಿ. ಬೆಳಗ್ಗೆ ಸೋಸಿ, ಅದೇ ನೀರಿಗೆ ಹೊಸ ಗೆಡ್ಡೆ ಹಾಕಿ ಮತ್ತೆರಡು ರಾತ್ರಿ ಹೀಗೇ ಮಾಡಿ. ಕೊನೆಗೆ ಎಳ್ಳೆಣ್ಣೆ ಬೆರೆಸಿ ಸಣ್ಣ ಉರಿಯಲ್ಲಿ ಕಲಕಿ, ಆರಿದ ಮೇಲೆ ತೇಲಿದ ಎಣ್ಣೆಯನ್ನು ತೆಗೆದಿಡಿ. ಗೆಡ್ಡೆ ಈ ವರ್ಷದ್ದೇ ಕೊಡಿ ಎಂದು ಅಂಗಡಿಯವರಿಗೆ ಒತ್ತಿ ಹೇಳಿ, ಹಳೆಯದರಲ್ಲಿ ಘಮವಿರುವುದಿಲ್ಲ.